ಬಿಸಿಲೂರಿನ ಮನೆಯಲ್ಲಿ ಹಾರ್ಮೋನ್ ಔಷಧಿ ಇಡೋದು ಹೇಗೆ?

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಅವ್ವನ ಶುಗರ್ ಏರುತ್ತಲೇ ಹೋಯಿತು. ಊಟ ಮೊದಲಿನ ಹಾಗೇ ಇತ್ತು, ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಸ್ವಲ್ಪ ಮಜ್ಜಿಗೆ. ಇನ್ಸುಲಿನ್ ಸೂಜಿಯೂ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಆದರೂ ಮುಂಜಾನೆ ನೋಡಿದರೆ ಮುನ್ನೂರು ದಾಟಿರುತ್ತಿತ್ತು. "ಯವ್ವಾ, ಒಂದು ದಿನಾನೂ ಸೂಜಿ ತಪ್ಪಿಸಿಲ್ಲ ನಾ. ಆದ್ರೂ ಇಳೀವಲ್ದು" ಅಂತ ಅವ್ವ ಹೇಳಿದಾಗ ನಾವ್ಯಾರೂ ನಂಬಲಿಲ್ಲ. ಕದ್ದು ಸಿಹಿ ತಿಂದಿರಬೇಕು ಅಂತ ಅವಳನ್ನೇ ಬೈದೆವು. ಡಾಕ್ಟರ್ ಡೋಸ್ ಏರಿಸಿದರು. ಹತ್ತು ದಿನಕ್ಕೆ ಆ ಬಾಟಲಿ ಮುಗಿಯಿತು, ಹೊಸದು ತೆಗೆದೆವು. ಅವತ್ತು ರಾತ್ರಿ ಎರಡು ಗಂಟೆಗೆ ಅವ್ವ ಬೆವರಿ ಒದ್ದೆಯಾಗಿ, ಕೈ ನಡುಗಿಸುತ್ತಾ ಹಾಸಿಗೆ ಮೇಲೆ ಎದ್ದು ಕೂತಿದ್ದಳು. ಶುಗರ್ 52ಕ್ಕೆ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಬೆಳಗಾಗುವ ತನಕ ಪಕ್ಕದಲ್ಲೇ ಕೂತೆ.

ಮರುದಿನ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಬಾಟಲಿನ ಫ್ರಿಜ್‌ನಲ್ಲಿ ಎಲ್ಲಿ ಇಡ್ತೀರಿ?"

ಮನೆಗೆ ಬಂದು ನೋಡಿದೆ. ಬೇಸಿಗೆ ಅಂತ ನಾನೇ ಫ್ರಿಜ್‌ನ ಗುಂಡಿಯನ್ನು ಕೊನೆಯ ನಂಬರಿಗೆ ತಿರುಗಿಸಿದ್ದೆ. ಇನ್ಸುಲಿನ್ ಇಡುತ್ತಿದ್ದ ಜಾಗ ಮೇಲಿನ ಅಂಕಣ, ಐಸ್ ಡಬ್ಬಿಯ ಕೆಳಗೆ, ಹಿಂದಿನ ಗೋಡೆಗೆ ತಾಗಿಸಿ. ಅಲ್ಲಿ ಇಟ್ಟ ನೀರಿನ ಬಾಟಲಿಯಲ್ಲೇ ಮುಂಜಾನೆ ಐಸಿನ ಚೂರು ತೇಲುತ್ತಿತ್ತು. ಅವ್ವನ ಇನ್ಸುಲಿನ್ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿತ್ತು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡೋಕೆ ಔಷಧಿಯ ಹಾಗೇ ಇರಬಹುದು, ಕೆಲಸ ಮಾತ್ರ ಸರಿಯಾಗಿ ಮಾಡೋದಿಲ್ಲ.

ಇದನ್ನು ಬರೆಯೋಕೆ ಕಾರಣ ಆ ರಾತ್ರಿ. ಇನ್ಸುಲಿನ್‌ನಂಥ ಹಾರ್ಮೋನ್ ಔಷಧಿ ಕೆಟ್ಟರೆ ಹಳಸಿದ ಸಾರಿನ ಹಾಗೆ ವಾಸನೆ ಬರೋದಿಲ್ಲ. ಸುಮ್ನೆ ಶಕ್ತಿ ಕಳೆದುಕೊಳ್ಳುತ್ತದೆ. ಬೈಗುಳ ರೋಗಿಗೆ ಬೀಳುತ್ತದೆ, ಡೋಸ್ ಏರುತ್ತದೆ. ಆಮೇಲೆ ಒಳ್ಳೆ ಔಷಧಿ ಬಂದಾಗ ಅದೇ ಏರಿಸಿದ ಡೋಸ್ ಹೊಡೆತ ಕೊಡುತ್ತದೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟೋದು ಹೊಸದಲ್ಲ. ಔಷಧಿ ಡಬ್ಬಿ ಮೇಲೆ 25 ಅಥವಾ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತದೆ. ಮಧ್ಯದಲ್ಲಿರುವ ಆ ಹತ್ತು ಹದಿನೈದು ಡಿಗ್ರಿಯನ್ನು ನಾವೇ ಮನೆಯಲ್ಲಿ ಇಳಿಸಬೇಕು.

ಮೊದಲ ಕೆಲಸ: ಎಲ್ಲವನ್ನೂ ಚಾಪೆ ಮೇಲೆ ಹರವಿ

ಇನ್ಸುಲಿನ್ ಒಂದೇ ಹಾರ್ಮೋನ್ ಔಷಧಿ ಅಲ್ಲ. ಥೈರಾಯ್ಡ್ ಗುಳಿಗೆ ಹಾರ್ಮೋನ್. ಗರ್ಭನಿರೋಧಕ ಗುಳಿಗೆ ಹಾರ್ಮೋನ್. ಮುಟ್ಟು ನಿಂತ ಮೇಲೆ ಕೊಡುವ ಈಸ್ಟ್ರೋಜೆನ್ ಜೆಲ್, ಬಸಿರು ಉಳಿಯಲಿ ಅಂತ ಕೊಡುವ ಪ್ರೊಜೆಸ್ಟೆರಾನ್, ಟೆಸ್ಟೋಸ್ಟೆರಾನ್ ಸೂಜಿ, ಮೂಳೆ ಸವೆತಕ್ಕೆ ಕೊಡುವ ಟೆರಿಪ್ಯಾರಟೈಡ್ ಪೆನ್ (ಪೆನ್ನಿನ ಹಾಗಿರುವ ಸೂಜಿ ಸಾಧನ), ಬೆಳವಣಿಗೆ ಕಡಿಮೆ ಇರುವ ಮಕ್ಕಳಿಗೆ ಕೊಡುವ ಗ್ರೋತ್ ಹಾರ್ಮೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಗುಳಿಗೆ, ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ. ಹುಡುಕಿದರೆ ಒಂದೇ ಮನೆಯಲ್ಲಿ ಮೂರ್ನಾಲ್ಕು ಸಿಗುತ್ತವೆ.

ಒಂದು ಭಾನುವಾರ ಮುಂಜಾನೆ ಎಲ್ಲವನ್ನೂ ತಂದು ಚಾಪೆ ಮೇಲೆ ಹರವಿ. ತಿಜೋರಿಯ ಮೂಲೆಯಲ್ಲಿರೋದು, ದೇವರ ಜಗಲಿಯ ಪಕ್ಕದ್ದು, ಅತ್ತಿಯ ಚೀಲದಲ್ಲಿರೋದು, ಯಾವುದನ್ನೂ ಬಿಡಬೇಡಿ. ಒಂದೊಂದನ್ನೇ ಕೈಗೆ ತೆಗೆದುಕೊಂಡು ಸಣ್ಣ ಅಕ್ಷರ ಓದಿ. ಕಣ್ಣಿಗೆ ಕಾಣದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಅಲ್ಲಿ "2 ರಿಂದ 8 ಡಿಗ್ರಿ" ಅಂತ ಇದ್ದರೆ ಫ್ರಿಜ್ ಗುಂಪು. "25 ಡಿಗ್ರಿ ಒಳಗೆ" ಅಥವಾ "30 ಡಿಗ್ರಿ ಒಳಗೆ" ಅಂತ ಇದ್ದರೆ ಹೊರಗಿನ ಗುಂಪು. "ಫ್ರೀಜ್ ಮಾಡಬೇಡಿ" ಅಂತ ಇದ್ದರೆ ಅದಕ್ಕೆ ಕೆಂಪು ಪೆನ್ನಿನಿಂದ ಒಂದು ಗುರುತು ಹಾಕಿ.

ಎಲ್ಲವನ್ನೂ ಫ್ರಿಜ್‌ಗೆ ತುಂಬಿದರೆ ಆಯಿತಲ್ಲ ಅಂತ ನಮ್ಮ ಕಾಕು ಕೇಳಿದ್ದಳು. ಆಗೋದಿಲ್ಲ. ಫ್ರಿಜ್‌ನ ಗುಳಿಗೆ ಬಾಟಲಿಯನ್ನು ಬಿಸಿ ಕೋಣೆಗೆ ತಂದು ಮುಚ್ಚಳ ತೆಗೆದರೆ ಒಳಗೆ ಪಸೆ ಕೂರುತ್ತದೆ. ದಿನಾ ಹೀಗಾದರೆ ಗುಳಿಗೆ ಮೆತ್ತಗಾಗುತ್ತದೆ. ಡಬ್ಬಿ ಫ್ರಿಜ್ ಕೇಳಿದರೆ ಮಾತ್ರ ಫ್ರಿಜ್.

ಎಕ್ಸ್‌ಪೈರಿ ತಾರೀಖಿನ ಬಗ್ಗೆಯೂ ಒಂದು ಮಾತು. ಡಬ್ಬಿ ಮೇಲೆ ಬರೆದ ಹಾಗೆ ಇಟ್ಟರೆ ಮಾತ್ರ ಆ ತಾರೀಖಿಗೆ ಬೆಲೆ. ತಗಡಿನ ಮನೆಯ ಕಿಟಕಿಯಲ್ಲಿ ಎರಡು ತಿಂಗಳು ಬೆಂದ ಔಷಧಿಗೆ 2027 ಅಂತ ಬರೆದಿದ್ದರೂ ಅದನ್ನು ನಂಬೋಕೆ ಬರೋದಿಲ್ಲ.

ಫ್ರಿಜ್ ಒಳಗೆ ಎಲ್ಲಿ?

ಇದು ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನಮ್ಮ ಕಡೆ ಬಹಳ ಮನೆಗಳಲ್ಲಿ ಇರೋದು ಒಂದೇ ಬಾಗಿಲಿನ ಫ್ರಿಜ್. ಅದರಲ್ಲಿ ಐಸ್ ಡಬ್ಬಿ ಮೇಲೆ ಇರುತ್ತದೆ. ಅದರ ಕೆಳಗಿನ ಟ್ರೇ ಮತ್ತು ಹಿಂದಿನ ಗೋಡೆ ತುಂಬಾ ತಣ್ಣಗೆ, ಅಲ್ಲಿ ಔಷಧಿ ಹೆಪ್ಪುಗಟ್ಟಬಹುದು. ಬಾಗಿಲಿನ ಅಂಕಣ ಇದಕ್ಕೆ ಉಲ್ಟಾ. ಮಕ್ಕಳು ನೀರಿಗೆ, ಐಸಿಗೆ ಅಂತ ಹತ್ತು ಸಲ ಬಾಗಿಲು ತೆಗೆಯುತ್ತಾರೆ, ಹತ್ತು ಸಲ ಬಿಸಿ ಗಾಳಿ ಬಡಿಯುತ್ತದೆ. ತತ್ತಿ ಇಡುವ ಸಾಲು ಇನ್ಸುಲಿನ್‌ಗೆ ಅಳತೆ ಮಾಡಿ ಮಾಡಿದ ಹಾಗೆ ಕಾಣುತ್ತದೆ. ಆದರೆ ಅದು ಬೇಡ.

ನಡುವಿನ ಅಂಕಣ, ಮುಂದಿನ ಅರ್ಧ ಭಾಗ ಒಳ್ಳೆಯ ಜಾಗ. ಔಷಧಿಯನ್ನು ಅದರ ರಟ್ಟಿನ ಡಬ್ಬಿ ಸಮೇತ ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ. ರಟ್ಟು ಬೆಳಕು ತಡೆಯುತ್ತದೆ, ಪ್ಲಾಸ್ಟಿಕ್ ನೀರು ತಡೆಯುತ್ತದೆ. ಮುಚ್ಚಳದ ಮೇಲೆ ದೊಡ್ಡದಾಗಿ "ಅವ್ವನ ಔಷಧಿ, ಮುಟ್ಟಬೇಡಿ" ಅಂತ ಬರೆಯಿರಿ. ಡಬ್ಬಿ ಹಿಂದಿನ ಗೋಡೆಗೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಡಿ.

ಆಮೇಲೆ ಒಂದು ಥರ್ಮಾಮೀಟರ್ ತನ್ನಿ. ಜ್ವರ ನೋಡೋದಲ್ಲ, ಫ್ರಿಜ್‌ಗೆ ಅಂತಲೇ ಬರೋದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಲೋಟ ನೀರಲ್ಲಿ ಅದರ ತುದಿ ಮುಳುಗಿಸಿ, ಔಷಧಿ ಇಡುವ ಜಾಗದಲ್ಲೇ ರಾತ್ರಿಯಿಡೀ ಬಿಡಿ. ಗಾಳಿಯಲ್ಲಿ ಇಟ್ಟರೆ ಬಾಗಿಲು ತೆಗೆದಾಗೊಮ್ಮೆ ನಂಬರ್ ಕುಣಿಯುತ್ತದೆ, ನೀರಲ್ಲಿ ನಿಜ ಗೊತ್ತಾಗುತ್ತದೆ. ಮುಂಜಾನೆ ಬಾಗಿಲು ತೆಗೆಯುವ ಮೊದಲ ಸಲ ನೋಡಿ, ಮಧ್ಯಾಹ್ನ ಮೂರಕ್ಕೆ ನೋಡಿ, ರಾತ್ರಿ ಅಡುಗೆ ಮುಗಿದ ಮೇಲೆ ನೋಡಿ. ಮೂರೂ ಸಲ 2 ರಿಂದ 8ರ ನಡುವೆ ಇದ್ದರೆ ಆ ಜಾಗ ಪಾಸು. ನಮ್ಮ ಮನೆಯಲ್ಲಿ ಗುಂಡಿ ಕೊನೆಯ ನಂಬರಿನಲ್ಲಿದ್ದಾಗ ಮೇಲಿನ ಅಂಕಣದಲ್ಲಿ ಸೊನ್ನೆಗಿಂತ ಕೆಳಗೆ ತೋರಿಸಿತು. ಗುಂಡಿಯನ್ನು ನಡುವಿಗೆ ತಂದು, ಡಬ್ಬಿಯನ್ನು ನಡುವಿನ ಅಂಕಣಕ್ಕೆ ಇಳಿಸಿದ ಮೇಲೆ 5ರ ಸುತ್ತ ನಿಂತಿತು. ಬೇಸಿಗೆ ಶುರುವಾದಾಗ ಮತ್ತು ಮಳೆ ಬಿದ್ದ ಮೇಲೆ ಮತ್ತೊಮ್ಮೆ ಹೀಗೆ ನೋಡಬೇಕು, ಯಾಕಂದರೆ ಅದೇ ನಂಬರು ಚಳಿಗಾಲದಲ್ಲಿ ಬೇರೆ ಲೆಕ್ಕ ಕೊಡುತ್ತದೆ.

ಐಸ್ ಕರಗಿಸೋಕೆ ಡಿಫ್ರಾಸ್ಟ್ ಗುಂಡಿ ಒತ್ತುವ ದಿನ ಔಷಧಿಯನ್ನು ಮೊದಲು ಹೊರಗೆ ತೆಗೆದು, ಬಟ್ಟೆ ಸುತ್ತಿದ ಐಸ್ ಪ್ಯಾಕ್ ಜೊತೆ ಊಟದ ಚೀಲದಲ್ಲಿ ಇಡಿ. ಫ್ರಿಜ್ ಮತ್ತೆ ತಣ್ಣಗಾದ ಮೇಲೆ ಒಳಗಿಡಿ.

ತೆರೆದ ಬಾಟಲಿ, ತೆರೆದ ಪೆನ್ನು

ಇನ್ಸುಲಿನ್ ಬಾಟಲಿಯ ಮುಚ್ಚಳ ಕಿತ್ತ ಕ್ಷಣದಿಂದ ಅದಕ್ಕೆ ಬೇರೆ ಲೆಕ್ಕ ಶುರು. ಬಹಳಷ್ಟು ಬಗೆಗಳಿಗೆ ತೆರೆದ ಮೇಲೆ 28 ದಿನ. ಕೆಲವಕ್ಕೆ 42, ಕೆಲವು ಹೊಸ ಬಗೆಗಳಿಗೆ 56 ದಿನ. ನಿಮ್ಮದಕ್ಕೆ ಎಷ್ಟು ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ, ಇಲ್ಲವೇ ಔಷಧಿ ಅಂಗಡಿಯವರನ್ನು ಕೇಳಿ. ಬಾಟಲಿಗೆ ಒಂದು ತುಂಡು ಬಿಳಿ ಪಟ್ಟಿ ಅಂಟಿಸಿ, ತೆರೆದ ತಾರೀಖು ಮತ್ತು ಬಿಸಾಡುವ ತಾರೀಖು ಎರಡನ್ನೂ ಬರೆಯಿರಿ. ತೆರೆದ ದಿನ ಒಂದನ್ನೇ ಬರೆದರೆ ಮುಂದೆ ಲೆಕ್ಕ ಹಾಕೋಕೆ ಯಾರೂ ಕೂರೋದಿಲ್ಲ. ಡೋಸ್ ಕಡಿಮೆ ಇರುವವರಿಗೆ 28 ದಿನಕ್ಕೆ ಬಾಟಲಿಯಲ್ಲಿ ಇನ್ನೂ ಔಷಧಿ ಉಳಿದಿರುತ್ತದೆ. ದುಡ್ಡು ಕೊಟ್ಟದ್ದು ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಅದನ್ನು ಬಿಡಬೇಕು.

ತೆರೆದದ್ದನ್ನು ಫ್ರಿಜ್ ಹೊರಗೆ ಇಡಬಹುದು ಅಂತ ಚೀಟಿಯಲ್ಲಿ ಇರುತ್ತದೆ. ಅದು 25 ಅಥವಾ 30 ಡಿಗ್ರಿಯ ಕೋಣೆಗೆ ಹೇಳಿದ ಮಾತು. ಬೆಳಗಾವಿ ನಗರದಲ್ಲಿ ವರ್ಷದ ಬಹಳ ತಿಂಗಳು ಇದು ನಡೆಯುತ್ತದೆ. ಇಂಡಿ, ಸಿಂದಗಿ, ಹುನಗುಂದದ ಮೇ ತಿಂಗಳಿಗೆ ನಡೆಯೋದಿಲ್ಲ. ಬೇಸಿಗೆಯಲ್ಲಿ ತೆರೆದ ಬಾಟಲಿಯೂ ಫ್ರಿಜ್‌ನಲ್ಲೇ ಇರಲಿ. ಸೂಜಿ ಮಾಡುವ ಹದಿನೈದಿಪ್ಪತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ, ತಣ್ಣನೆಯ ಇನ್ಸುಲಿನ್ ಚುಚ್ಚಿದಾಗ ಜಾಸ್ತಿ ಉರಿಯುತ್ತದೆ. ಇನ್ಸುಲಿನ್ ಪೆನ್ನಿನ ಕತೆ ಬೇರೆ. ಬಳಕೆಯಲ್ಲಿರುವ ಪೆನ್ನನ್ನು ಫ್ರಿಜ್‌ಗೆ ಇಡಬೇಡಿ ಅಂತ ಕೆಲವು ಕಂಪನಿಗಳು ಹೇಳುತ್ತವೆ. ಅಂಥವನ್ನು ಮುಂದೆ ಹೇಳುವ ಗಡಿಗೆಯಲ್ಲಿ ಇಡಬಹುದು. ಪೆನ್ನಿನ ಮೇಲೆ ಸೂಜಿ ಬಿಟ್ಟು ಮುಚ್ಚಬೇಡಿ. ಬಿಸಿಗೆ ಔಷಧಿ ಹಿಗ್ಗಿ ಸೋರುತ್ತದೆ, ತಂಪಾದಾಗ ಗಾಳಿ ಒಳಗೆ ಹೋಗುತ್ತದೆ.

ಪ್ರತಿ ಸಲ ಸೂಜಿಗೆ ಎಳೆಯುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಈಗ ನಮ್ಮ ಅವ್ವ ಇದನ್ನು ದಿನಾ ಮಾಡುತ್ತಾಳೆ. ಅವಳದ್ದು 30/70, ಎರಡು ಬಗೆ ಬೆರೆಸಿದ, ಹಾಲಿನ ಬಣ್ಣದ ಇನ್ಸುಲಿನ್. ರಾತ್ರಿ ನಿಂತಾಗ ಬಿಳಿ ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿರುತ್ತದೆ. ಅವ್ವ ಬಾಟಲಿಯನ್ನು ಎರಡು ಅಂಗೈ ನಡುವೆ ಮಲಗಿಸಿ, ಬತ್ತಿ ಹೊಸೆಯುವ ಹಾಗೆ, ಮೆಲ್ಲಗೆ ಹತ್ತು ಸಲ ಉರುಳಿಸುತ್ತಾಳೆ. ತಳದ ಬಿಳಿ ಎದ್ದು ಎಲ್ಲ ಕಡೆ ಒಂದೇ ಸಮ ಹಾಲಾಗುತ್ತದೆ. ಆಮೇಲೆ ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಉರುಳಿಸಿದ ಮೇಲೂ ಹಿಟ್ಟಿನ ಗಂಟಿನ ಹಾಗೆ ಚೂರುಗಳು ತೇಲಿದರೆ, ಗಾಜಿನ ಒಳಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ ಅಂಟಿದ್ದರೆ, ಆ ಬಾಟಲಿ ಬೇಡ. ತಿಳಿ ಇನ್ಸುಲಿನ್ ಆದರೆ ಕುಡಿಯುವ ನೀರಿನ ಹಾಗೆ ಇರಬೇಕು. ಮಸುಕು ಕಂಡರೂ ಬೇಡ. ಬಾಟಲಿಯನ್ನು ಕುಲುಕಬೇಡಿ, ನೊರೆ ಬಂದರೆ ಅಳತೆ ತಪ್ಪುತ್ತದೆ. ಆದರೆ ಕಣ್ಣಿಗೆ ಸರಿ ಕಂಡ ಮಾತ್ರಕ್ಕೆ ಔಷಧಿ ಸರಿ ಇದೆ ಅಂತ ಅಲ್ಲ. ನೋಡೋದು ಒಂದು ಜಾಲರಿ, ಅಷ್ಟೆ.

ಇನ್ನೊಂದು ಎಚ್ಚರ. ನಮ್ಮಲ್ಲಿ ಸಿಗುವ ಬಾಟಲಿಗಳು ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ದು, ಅದಕ್ಕೆ ಕೆಂಪು ಟೋಪಿಯ ಸಿರಿಂಜ್. 100 ಯೂನಿಟ್‌ಗೆ ಕಿತ್ತಳೆ ಟೋಪಿಯದ್ದು. 100ರ ಔಷಧಿಯನ್ನು ಕೆಂಪು ಟೋಪಿಯ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಒಳಗೆ ಹೋಗುತ್ತದೆ. ಮನೆಯಲ್ಲಿ ಇಬ್ಬರಿಗೆ ಬೇರೆ ಬೇರೆ ಇನ್ಸುಲಿನ್ ಇದ್ದರೆ ಬಾಟಲಿ, ಸಿರಿಂಜ್ ಸಮೇತ ಎರಡು ಬೇರೆ ಡಬ್ಬಿ ಮಾಡಿ, ಹೆಸರು ಬರೆಯಿರಿ.

ಕರೆಂಟ್ ಹೋದರೆ, ಫ್ರಿಜ್ಜೇ ಇಲ್ಲದಿದ್ದರೆ

ಕರೆಂಟ್ ಹೋದ ಕೂಡಲೇ ಫ್ರಿಜ್ ತೆಗೆದು ನೋಡೋದು ನಮ್ಮ ಅಭ್ಯಾಸ. ಮಾಡಬೇಕಾದ್ದು ಉಲ್ಟಾ. ಬಾಗಿಲು ಮುಚ್ಚಿಯೇ ಇದ್ದರೆ ಸುಮಾರು 4 ಗಂಟೆ ತಂಪು ಹಿಡಿದಿರುತ್ತದೆ. ಫ್ರಿಜ್‌ನ ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿ ಇಟ್ಟಿದ್ದರೆ ಇನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ಹೆದರಿ ಔಷಧಿಯನ್ನು ಐಸ್ ಡಬ್ಬಿಯೊಳಗೆ ತುರುಕಬೇಡಿ. ಎಷ್ಟೋ ಔಷಧಿ ಸೆಕೆಗಿಂತ ಈ ಹೆದರಿಕೆಗೇ ಹಾಳಾಗುತ್ತದೆ.

ಇಡೀ ದಿನ ಕರೆಂಟ್ ಇಲ್ಲದಿದ್ದರೆ, ಅಥವಾ ಹೊಲದ ಮನೆಯಲ್ಲಿ ಫ್ರಿಜ್ಜೇ ಇಲ್ಲದಿದ್ದರೆ, ಗಡಿಗೆ ಇದೆ. ಹಿರಿಯರು ಬೇಸಿಗೆಯಲ್ಲಿ ನೀರು ತಂಪು ಮಾಡಿದ ರೀತಿಯೇ ಇದು. ಮಣ್ಣಿನ ಮೈಯಿಂದ ನೀರು ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಹೀಗೆ ಮಾಡಿ:

ಒಂದು ದೊಡ್ಡ ಗಡಿಗೆ, ಅದರೊಳಗೆ ಕೂರುವ ಒಂದು ಸಣ್ಣ ಗಡಿಗೆ ತನ್ನಿ. ಎರಡಕ್ಕೂ ಬಣ್ಣ ಹಚ್ಚಿರಬಾರದು, ಹಚ್ಚಿದರೆ ನೀರು ಆರೋದಿಲ್ಲ. ದೊಡ್ಡದರ ತಳಕ್ಕೆ ನಾಲ್ಕು ಬೆರಳು ಉಸುಕು ಹಾಕಿ, ಸಣ್ಣದನ್ನು ಅದರ ಮೇಲೆ ಕೂರಿಸಿ, ಸುತ್ತಲಿನ ಸಂದಿಗೂ ಉಸುಕು ತುಂಬಿ. ಉಸುಕು ಪೂರ್ತಿ ನೆನೆಯುವಷ್ಟು ನೀರು ಹಾಕಿ. ಔಷಧಿಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸಣ್ಣ ಗಡಿಗೆಯೊಳಗೆ ಇಡಿ. ಬಾಯಿಗೆ ಮುಚ್ಚಳ ಇಟ್ಟು ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ. ನೆರಳಿರುವ, ಗಾಳಿ ಆಡುವ ಕಡೆ ಇಡಿ. ಗಾಳಿ ಇಲ್ಲದ ಮೂಲೆಯಲ್ಲಿ ಇಟ್ಟರೆ ಪ್ರಯೋಜನ ಕಡಿಮೆ. ಮುಂಜಾನೆ, ಸಂಜೆ ಉಸುಕಿಗೆ ನೀರು ಹಾಕಿ.

ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನ 39 ಇದ್ದಾಗ ಗಡಿಗೆಯೊಳಗೆ 28 ತೋರಿಸಿತು. ಇದು ಫ್ರಿಜ್ ಅಲ್ಲ, 2 ರಿಂದ 8 ಡಿಗ್ರಿ ಇದರಿಂದ ಬರೋದಿಲ್ಲ. ತೆರೆದ ಇನ್ಸುಲಿನ್‌ಗೆ ಮಾತ್ರ ಸಾಕು. ತೆರೆಯದ ಬಾಟಲಿಗಳನ್ನು ತಿಂಗಳುಗಟ್ಟಲೆ ಇಡೋಕೆ ಫ್ರಿಜ್ ಇರುವ ಪಕ್ಕದ ಮನೆಯವರನ್ನೋ, ಪರಿಚಯದ ಔಷಧಿ ಅಂಗಡಿಯವರನ್ನೋ ಕೇಳಿ, ಒಂದೊಂದೇ ಬಾಟಲಿ ಮನೆಗೆ ತನ್ನಿ. ಒಣ ಬಿಸಿಲಿನಲ್ಲಿ ಗಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಶ್ರಾವಣದ ಜಿಟಿಜಿಟಿಯಲ್ಲಿ, ಖಾನಾಪುರದ ಕಡೆಯ ಮಳೆಯಲ್ಲಿ ನೀರು ಆರೋದೇ ಇಲ್ಲ, ಆಗ ಗಡಿಗೆ ತಂಪಾಗೋದಿಲ್ಲ. ಅದೃಷ್ಟಕ್ಕೆ ಆಗ ಸೆಕೆಯೂ ಕಡಿಮೆ.

ಫ್ರಿಜ್ ಇಲ್ಲದವರು ಧೈರ್ಯ ಕಳೆದುಕೊಳ್ಳಬೇಡಿ ಅಂತ ಒಂದು ಸಂಗತಿ ಹೇಳುತ್ತೇನೆ. ಕೀನ್ಯಾದ ದದಾಬ್‌ನಲ್ಲಿ ದೊಡ್ಡ ನಿರಾಶ್ರಿತರ ಶಿಬಿರ ಇದೆ, ಅಲ್ಲಿನ ಗುಡಿಸಲುಗಳಲ್ಲಿ ಫ್ರಿಜ್ ಇಲ್ಲ. ಎಂಎಸ್‌ಎಫ್ ಅನ್ನುವ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ ಅಲ್ಲಿನ ಹಗಲು ರಾತ್ರಿಯ ಬಿಸಿಯನ್ನು ಅಳೆದು, ಅದೇ ರೀತಿ 25 ರಿಂದ 37 ಡಿಗ್ರಿ ನಡುವೆ ಏರಿಳಿಸಿ ಇನ್ಸುಲಿನ್ ಅನ್ನು 4 ವಾರ ಇಟ್ಟು ಪರೀಕ್ಷೆ ಮಾಡಿದವು. ಔಷಧಿಯ ಶಕ್ತಿ ಉಳಿದಿತ್ತು. 2021ರಲ್ಲಿ ಇದು ಪ್ರಕಟವಾಯಿತು. ಅಂದರೆ ಒಂದು ಮಧ್ಯಾಹ್ನ ಕರೆಂಟ್ ಹೋದರೆ ಬಾಟಲಿ ಬಿಸಾಡಬೇಕು ಅಂತೇನಿಲ್ಲ. ಆದರೆ ನಮ್ಮ 41, 42ರ ಬಿಸಿಲು ಆ ಲೆಕ್ಕದ ಹೊರಗಿದೆ ಅನ್ನೋದನ್ನು ಮರೆಯಬೇಡಿ.

ಥೈರಾಯ್ಡ್ ಗುಳಿಗೆ

ಇದು ನನ್ನ ಔಷಧಿ, ಹೆಸರು ಲೆವೊಥೈರಾಕ್ಸಿನ್. ಎರಡನೇ ಹೆರಿಗೆ ಆದ ಮೇಲೆ ಶುರುವಾದದ್ದು, ಇವತ್ತಿಗೂ ನಡೆದಿದೆ. ಲೆವೊಥೈರಾಕ್ಸಿನ್‌ಗೆ ಬಿಸಿ, ಬೆಳಕು, ಪಸೆ ಮೂರೂ ಆಗೋದಿಲ್ಲ. ನೂರು, ನೂರಿಪ್ಪತ್ತು ಗುಳಿಗೆಯ ಬಾಟಲಿಯಲ್ಲಿ ಬರುವುದರಿಂದ ಮೂರು ನಾಲ್ಕು ತಿಂಗಳು ಮನೆಯಲ್ಲೇ ಇರುತ್ತದೆ. ಮುಂಜಾನೆ ಖಾಲಿ ಹೊಟ್ಟೆಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ ಕುಡಿಯಬೇಕು. ಅದಕ್ಕೇ ಬಹಳ ಹೆಣ್ಣುಮಕ್ಕಳು ಅದನ್ನು ಒಲೆಯ ಮೇಲಿನ ಅಂಕಣದಲ್ಲಿ, ಚಹಾ ಪುಡಿಯ ಪಕ್ಕ ಇಟ್ಟಿರುತ್ತಾರೆ, ನೆನಪಾಗಲಿ ಅಂತ. ಇಡೀ ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಕುಕ್ಕರ್ ಹಬೆ, ಒಲೆಯ ಕಾವು ಎರಡೂ ನೇರ ಬಡಿಯುತ್ತವೆ.

ತಂಪಾದ ಜಾಗ ಹುಡುಕೋದು ಹೇಗೆ? ಮೇ ತಿಂಗಳಲ್ಲಿ ಗೋಲಗುಮ್ಮಟದೊಳಗೆ ಕಾಲಿಟ್ಟವರಿಗೆ ಗೊತ್ತು, ಸುಮಾರು 3 ಮೀಟರ್ ದಪ್ಪದ ಗೋಡೆ ಹೊರಗಿನ ಬೆಂಕಿಯನ್ನು ಒಳಗೆ ಬಿಡೋದಿಲ್ಲ. ನಿಮ್ಮ ಮನೆಯಲ್ಲೂ ಅದೇ ಲೆಕ್ಕ. ಹಳೇ ಮಣ್ಣಿನ ಮಾಳಿಗೆ ಮನೆಯಾದರೆ ನಡುಮನೆಯ ಗೋಡೆಯ ಮಾಡ ಒಳ್ಳೆಯದು. ಬಾಗಲಕೋಟೆ ನವನಗರದಂಥ ಕಡೆಯ ಸ್ಲ್ಯಾಬ್ ಮನೆಯಾದರೆ ಕೆಳಗಿನ ಮಹಡಿ, ಪಡುವಣ ಬಿಸಿಲು ಬೀಳದ ಗೋಡೆ, ನೆಲದ ಹತ್ತಿರದ ಅಂಕಣ. ಬಿಸಿ ಗಾಳಿ ಮೇಲೆ ಏರುತ್ತದೆ, ಸ್ಲ್ಯಾಬ್ ಮಧ್ಯರಾತ್ರಿವರೆಗೂ ಕಾವು ಉಗುಳುತ್ತದೆ. ನಾಗೊಂದಿಗೆಯ ಮೇಲೆ ಔಷಧಿ ಇಡೋದು ಅಂದರೆ ಅದನ್ನು ಬೇಯಿಸೋದೇ. ಪಡುವಣ ಗೋಡೆಗೆ ತಾಗಿಸಿದ ಕಬ್ಬಿಣದ ತಿಜೋರಿಯೂ ಸಂಜೆ ಹೊತ್ತಿಗೆ ಕಾದಿರುತ್ತದೆ, ಕೈಯಿಟ್ಟು ನೋಡಿ. ಅದೇ ಥರ್ಮಾಮೀಟರನ್ನು ನಾಲ್ಕು ಕಡೆ ಒಂದೊಂದು ದಿನ ಇಟ್ಟು, ಮಧ್ಯಾಹ್ನ ಎಲ್ಲಿ ಕಡಿಮೆ ತೋರಿಸುತ್ತದೋ ಅಲ್ಲಿ ಔಷಧಿ ಇಡಿ.

ಬೇಸಿಗೆಯಲ್ಲಿ ಮೂರು ಬಾಟಲಿ ಒಟ್ಟಿಗೆ ತರಬೇಡಿ, ಒಂದು ಸಾಕು. ಬಾಟಲಿಯೊಳಗಿನ ಪಸೆ ಹೀರುವ ಸಣ್ಣ ಚೀಲವನ್ನು ತೆಗೆದು ಬಿಸಾಡಬೇಡಿ. ಒದ್ದೆ ಕೈಯಲ್ಲಿ ಗುಳಿಗೆ ತೆಗೆಯಬೇಡಿ, ಮುಚ್ಚಳಕ್ಕೆ ಒಂದು ಉದುರಿಸಿಕೊಂಡು ಬಾಯಿಗೆ ಹಾಕಿ. ವಾರದ ಡಬ್ಬಿ ಬಳಸಿದರೆ ಒಂದು ವಾರದ್ದು ಮಾತ್ರ ತುಂಬಿ. ಬೆಳಗಾವಿ ಕಡೆಯ ಮಳೆಗಾಲಕ್ಕೆ ಸಾಧ್ಯವಾದರೆ ಪಟ್ಟಿಯಲ್ಲಿ ಬರುವ ಗುಳಿಗೆ ತೆಗೆದುಕೊಳ್ಳಿ, ಒಂದೊಂದೂ ಬೇರೆ ಬೇರೆ ಮುಚ್ಚಿರುತ್ತದೆ.

ಥೈರಾಯ್ಡ್ ಗುಳಿಗೆ ಕೆಟ್ಟರೆ ಇನ್ಸುಲಿನ್ ಹಾಗೆ ಮರುದಿನ ಗೊತ್ತಾಗೋದಿಲ್ಲ. ಆ ಹಾರ್ಮೋನ್ ಮೈಯಲ್ಲಿ ನಿಧಾನ ಕರಗುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಸರಿ ಇದೆಯಾ ಅಂತ ತೋರಿಸುವ ರಕ್ತ ಪರೀಕ್ಷೆ) ಲೆಕ್ಕ ಬದಲಾಗಿ ನಿಲ್ಲೋಕೆ ಸುಮಾರು ಆರು ವಾರ ಬೇಕು. ಅಷ್ಟರಲ್ಲಿ ಸುಸ್ತು, ಕೂದಲು ಉದುರೋದು, ಮೈ ಊದೋದು ಶುರುವಾಗಿರುತ್ತದೆ. ಡೋಸ್ 75ರಿಂದ 100 ಮೈಕ್ರೋಗ್ರಾಂ ಆಗುತ್ತದೆ. ಮಳೆಗಾಲದಲ್ಲಿ ಹೊಸ ಬಾಟಲಿ ಬಂದಾಗ ಎದೆ ಹೊಡೆದುಕೊಳ್ಳೋದು, ಕೈ ನಡುಗೋದು. ಅವ್ವನ ಕತೆಯೇ, ನಿಧಾನವಾಗಿ.

ಜೆಲ್, ಎಣ್ಣೆ ಸೂಜಿ, ಮಾಲಾ-ಎನ್

ಈಸ್ಟ್ರೋಜೆನ್ ಜೆಲ್‌ನಲ್ಲಿ ಮದ್ಯಸಾರ ಇರುತ್ತದೆ, ಅದು ಬೆಂಕಿ ಹಿಡಿಯುತ್ತದೆ. ನಮ್ಮ ವೈನಿ ಅದನ್ನು ದೇವರ ಜಗಲಿಯ ಪಕ್ಕ, ಎಣ್ಣೆ ಬತ್ತಿಯ ಡಬ್ಬಿ ಜೊತೆ ಇಡುತ್ತಿದ್ದರು. ಸ್ನಾನ ಮಾಡಿ ಜೆಲ್ ಹಚ್ಚಿ, ಅದು ಆರುವ ಮೊದಲೇ ದೀಪ ಹಚ್ಚೋದು ಅವರ ಕ್ರಮ. ನೋಡಿ ನನಗೆ ಎದೆ ಧಸಕ್ ಅಂದಿತು. ಜೆಲ್ ದೀಪದಿಂದ, ಒಲೆಯಿಂದ ದೂರ ಇರಲಿ. ಹಚ್ಚಿದ್ದು ಪೂರ್ತಿ ಆರಿ, ಕೈ ಸಾಬೂನಿನಿಂದ ತೊಳೆದ ಮೇಲೆ ದೀಪ. ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿದ ಮೈಯನ್ನು ಮಕ್ಕಳು ಮುಟ್ಟಿದರೆ ಅವರ ಮೈಗೂ ಹಾರ್ಮೋನ್ ಹತ್ತುತ್ತದೆ. ಸಣ್ಣ ಮಕ್ಕಳಲ್ಲಿ ಹೊತ್ತಿಗೆ ಮೊದಲೇ ಪ್ರಾಯದ ಗುರುತು ಕಂಡದ್ದಕ್ಕೆ 2009ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡಬ್ಬಿ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿತು. ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿ, ಕೈ ಒರೆಸಿದ ಟವೆಲ್ ಬೇರೆ ಇಡಿ.

ಎಣ್ಣೆಯಲ್ಲಿ ಕರಗಿಸಿದ ಟೆಸ್ಟೋಸ್ಟೆರಾನ್ ಸೂಜಿಗೆ ಫ್ರಿಜ್ ಬೇಡ. ತಣ್ಣಗಾದರೆ ಒಳಗೆ ಹರಳು ಕಟ್ಟುತ್ತದೆ. ಕಟ್ಟಿದ್ದರೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಉರುಳಿಸಿದರೆ ಕರಗುತ್ತದೆ. ಕರಗದಿದ್ದರೆ ಬಳಸಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಗರ್ಭನಿರೋಧಕ ಗುಳಿಗೆ ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆ, 21 ಹಾರ್ಮೋನ್, 7 ಕಬ್ಬಿಣಾಂಶದ್ದು. ಪಟ್ಟಿಯಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಿದರೆ ಯಾವುದು ಯಾವ ದಿನದ್ದು ಅನ್ನೋದೇ ತಪ್ಪುತ್ತದೆ.

ಬಿಡಿಸಿ ಹಾಕೋಕೆ ಕಾರಣ ಸಾಮಾನ್ಯವಾಗಿ ಮುಚ್ಚುಮರೆ. ಅತ್ತಿ ನೋಡಿದರೆ ಏನಂದಾರು ಅನ್ನುವ ಸೊಸೆ ಇದ್ದಾಳೆ. ಡಾಕ್ಟರ್ ಬರೆದುಕೊಟ್ಟ ಹಾರ್ಮೋನ್ ತೆಗೆದುಕೊಳ್ಳುವ, ಮನೆಯಲ್ಲಿ ಇನ್ನೂ ಹೇಳಿಕೊಳ್ಳಲಾಗದ ಟ್ರಾನ್ಸ್ ಮಕ್ಕಳು ಇದ್ದಾರೆ. ಅವರ ಕಷ್ಟ ನಿಜವಾದದ್ದು, ಹೇಳದೆ ಇರೋದು ಅವರ ಹಕ್ಕು. ಅವರಿಗೆ ನನ್ನ ಮಾತು ಇಷ್ಟೇ: ಔಷಧಿಯನ್ನು ಬಚ್ಚಿಡಿ, ಆದರೆ ಅದರ ಹೆಸರು, ತಾರೀಖು ಅಳಿಸಬೇಡಿ. ವಿಟಮಿನ್ ಬಾಟಲಿಗೆ ಸುರಿದು ಇಟ್ಟರೆ ಬೇರೆ ಯಾರೋ ವಿಟಮಿನ್ ಅಂತ ನುಂಗುತ್ತಾರೆ. ಪಟ್ಟಿ ಸಮೇತ ಒಂದು ಬೀಗದ ಡಬ್ಬಿಯಲ್ಲಿ, ಬಟ್ಟೆ ಟ್ರಂಕಿನ ತಳದಲ್ಲಿ ಇಡಿ. ಬೈಕಿನ ಡಿಕ್ಕಿಯಲ್ಲಿ, ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನ ಸಂದಿಯಲ್ಲಿ ಬೇಡ. ನಂಬುವ ಒಬ್ಬ ಗೆಳೆಯನಿಗೋ ಗೆಳತಿಗೋ ಔಷಧಿಯ ಹೆಸರು ಗೊತ್ತಿರಲಿ, ಎಚ್ಚರ ತಪ್ಪಿದ ದಿನ ಆಸ್ಪತ್ರೆಯಲ್ಲಿ ಹೇಳೋಕೆ ಬೇಕು.

ಮಕ್ಕಳಿರುವ ಮನೆಯಲ್ಲಿ ಎತ್ತರ ನಂಬಬೇಡಿ, ಬೀಗ ನಂಬಿ. ಎತ್ತರ ಬಿಸಿ, ಮಕ್ಕಳು ಹತ್ತುತ್ತಾರೆ ಕೂಡ. ಬಣ್ಣಬಣ್ಣದ ಗುಳಿಗೆಯನ್ನು "ಪೆಪ್ಪರಮಿಂಟ್" ಅಂತ ಹೇಳಿ ಯಾರ ಮುಂದೆಯೂ ನುಂಗಬೇಡಿ.

ಅಂಗಡಿಯಿಂದ ಮನೆಗೆ, ಮನೆಯಿಂದ ಊರಿಗೆ

ಪೇಟೆ ಕೆಲಸ ಎಲ್ಲ ಮುಗಿದ ಮೇಲೆ ಕೊನೆಗೆ ಔಷಧಿ ಅಂಗಡಿಗೆ ಹೋಗಿ. ಇನ್ಸುಲಿನ್ ತೆಗೆದುಕೊಂಡು ಆಮೇಲೆ ಕಾಯಿಪಲ್ಯ ಸಂತೆ ಸುತ್ತೋದು ಬೇಡ. ಅಂಗಡಿಯವರು ಅದನ್ನು ಫ್ರಿಜ್‌ನಿಂದಲೇ ತೆಗೆದುಕೊಡುತ್ತಾರಾ ನೋಡಿ. ಮೇಜಿನ ಮೇಲಿಂದ ಎತ್ತಿ ಕೊಟ್ಟರೆ ಬೇಡ ಅನ್ನಿ. ಐಸ್ ಪ್ಯಾಕ್ ಕೇಳಿ, ಔಷಧಿಗೂ ಐಸಿಗೂ ನಡುವೆ ಒಂದು ಮಡಚಿದ ಕರವಸ್ತ್ರ ಇರಲಿ.

ಸಿದ್ಧೇಶ್ವರ ಜಾತ್ರೆ ಜನವರಿಯಲ್ಲಿ, ಚಿಂತೆ ಇಲ್ಲ. ಏಪ್ರಿಲ್, ಮೇ ಮದುವೆಗಳಿಗೆ ಹೋಗುವಾಗ ಚಿಂತೆ. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಚೀಲ ಇಡಬೇಡಿ. ಕಾರಿನ ಮುಂದಿನ ಗಾಜಿನ ಕೆಳಗೆ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಅಗಲ ಬಾಯಿಯ ಫ್ಲಾಸ್ಕನ್ನು ತಣ್ಣೀರಿನಿಂದ ತೊಳೆದು ಒರೆಸಿ, ಅದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಾಟಲಿ ಹಾಕಿದರೆ ಹೊರಗಿನ ಕಾವು ಬೇಗ ತಟ್ಟೋದಿಲ್ಲ. ಸೂಜಿ, ಡಾಕ್ಟರ್ ಚೀಟಿ, ಒಂದು ಹಿಡಿ ಸಕ್ಕರೆ ಅದೇ ಚೀಲದಲ್ಲಿ ಇರಲಿ. ಆ ಚೀಲ ಮಡಿಲಲ್ಲಿ ಇರಲಿ, ಬಸ್ಸಿನ ಮಾಡಿನ ಮೇಲಲ್ಲ.

ಡೋಸ್ ಏರಿಸಿಕೊಳ್ಳುವ ಮೊದಲು

ಊಟ ಅದೇ, ಔಷಧಿ ಅದೇ, ಆದರೂ ಶುಗರ್ ಏರಿದೆ ಅಥವಾ ಥೈರಾಯ್ಡ್ ಲೆಕ್ಕ ತಪ್ಪಿದೆ. ಆಗ ಡಾಕ್ಟರ್ ಹತ್ತಿರ ಹೋಗುವಾಗ ಬಾಟಲಿಯನ್ನೂ ತೆಗೆದುಕೊಂಡು ಹೋಗಿ. ಎಲ್ಲಿ ಇಟ್ಟಿದ್ದೆವು, ಯಾವಾಗ ತೆರೆದೆವು, ಕರೆಂಟ್ ಎಷ್ಟು ಹೊತ್ತು ಹೋಗಿತ್ತು, ಹೇಳಿ. ಅನುಮಾನ ಇದ್ದರೆ ಹೊಸ ಬಾಟಲಿ ತೆರೆಯಿರಿ, ಆದರೆ ಸೂಜಿ ಮಾತ್ರ ತಪ್ಪಿಸಬೇಡಿ. ಕೆಟ್ಟ ಬಾಟಲಿ ಬಳಸುವಾಗಲೇ ಡೋಸ್ ಏರಿಸಿದ್ದರೆ, ಹೊಸದನ್ನು ಚುಚ್ಚುವ ಮೊದಲು ಡಾಕ್ಟರ್‌ಗೆ ಫೋನ್ ಮಾಡಿ ಎಷ್ಟು ಯೂನಿಟ್ ಅಂತ ಕೇಳಿ. ಮೊದಲ ಎರಡು ಮೂರು ದಿನ ಮಲಗುವ ಮುಂಚೆ ಮತ್ತು ನಸುಕಿನಲ್ಲಿ ಶುಗರ್ ನೋಡಿ. ನಾವು ಈ ಒಂದು ಫೋನ್ ಮಾಡಿದ್ದರೆ ಅವ್ವನಿಗೆ ಆ ರಾತ್ರಿ ಬರುತ್ತಿರಲಿಲ್ಲ.

ಬಿಸಾಡೋದು

ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಹಾಕಬೇಡಿ. ಮುಂಜಾನೆ ಕಸ ಎತ್ತುವ ಪೌರಕಾರ್ಮಿಕರ ಕೈಗೆ ಅದು ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್‌ನ ಫಿನಾಯಿಲ್ ಬಾಟಲಿ ಖಾಲಿಯಾದಾಗ ತೊಳೆದು ಇಟ್ಟುಕೊಳ್ಳಿ. ಸೂಜಿ ಕೆಳಮುಖವಾಗಿ ಅದರೊಳಗೆ ಬೀಳಲಿ. ಮೇಲೆ "ಸೂಜಿ ಇದೆ" ಅಂತ ಬರೆಯಿರಿ, ಮಕ್ಕಳಿಗೆ ಸಿಗದ ಹಾಗೆ ಇಡಿ. ಕೆಟ್ಟ ಗುಳಿಗೆಗಳನ್ನು ಬಚ್ಚಲಿಗೆ ಸುರಿಯಬೇಡಿ. ಔಷಧಿ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ, ಇಲ್ಲದಿದ್ದರೆ ಸೋಸಿದ ಚಹಾ ಚರಟದಲ್ಲಿ ಕಲಸಿ, ಕಾಗದದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಆಗ ದನ, ನಾಯಿ, ಮಕ್ಕಳು ಯಾರೂ ಬಾಯಿ ಹಾಕೋದಿಲ್ಲ. ಸೂಜಿ ಬಾಟಲಿ ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು ಟೇಪ್ ಸುತ್ತಿ, ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ನೀವು ತೋರಿಸುವ ಆಸ್ಪತ್ರೆಯಲ್ಲೋ ಕೇಳಿ ಕೊಡಿ. ನಮ್ಮ ಮನೆಯದನ್ನು ಅವ್ವ ಪ್ರತಿ ಸಲ ಡಾಕ್ಟರ್‌ಗೆ ತೋರಿಸೋಕೆ ಹೋದಾಗ ತಾನೇ ಚೀಲದಲ್ಲಿ ಹಾಕಿಕೊಂಡು ಹೋಗಿ ನರ್ಸ್ ಕೈಗೆ ಕೊಟ್ಟು ಬರುತ್ತಾಳೆ.